ಹದಿನೇಳು ಜನ, ಒಂದೇ ಗಾಡಿ, ಕಾಶಿಯವರೆಗೆ

ನಮ್ಮ ಮನೆಮಂದಿಯೆಲ್ಲ ಸೇರಿ ಬೆಂಗಳೂರಿನಿಂದ ಕಾಶಿಗೆ ರಸ್ತೆ ಮೇಲೆಯೇ ಎರಡು ಸಲ ಹೋಗಿ ಬಂದಿದ್ದೇವೆ. ಮೊದಲ ಸಲ ಮೂರು ಕಾರು ಮಾಡಿದ್ದೆವು. ತೆಲಂಗಾಣದ ನಿರ್ಮಲ್ ದಾಟಿ ಒಂದು ಕಡೆ ಟೀ ಕುಡಿದು ಹೊರಟೆವು. ಅರ್ಧ ಗಂಟೆ ಆದ ಮೇಲೆ ಗೊತ್ತಾಯಿತು, ನಮ್ಮ ಚಿಕ್ಕತ್ತೆ ಯಾವ ಕಾರಿನಲ್ಲೂ ಇಲ್ಲ. ಇನ್ನೊಂದು ಕಾರಿನಲ್ಲಿ ಇದ್ದಾರೆ ಅಂತ ಎಲ್ಲರೂ ಅಂದುಕೊಂಡಿದ್ದೆವು. ವಾಪಸ್ ಹೋದಾಗ ಅವರು ಅಂಗಡಿಯ ಬೆಂಚಿನ ಮೇಲೆ ಸೆರಗು ಹೊದ್ದು ಕೂತಿದ್ದರು. ಫೋನು ಕಾರಿನಲ್ಲೇ ಇತ್ತು. ಆ ಮುಖ ನಾನು ಇವತ್ತಿಗೂ ಮರೆತಿಲ್ಲ.

ಆದ್ದರಿಂದ ಮೊದಲು ಹೇಳುವುದು ಇದು: ಆದಷ್ಟು ಒಂದೇ ಗಾಡಿ ಮಾಡಿ. ಡ್ರೈವರುಗಳೂ ಸೇರಿ ಎಲ್ಲರಿಗೂ ಸೀಟಿರುವ ಟೆಂಪೋ ಟ್ರಾವೆಲರ್ ಸಿಗುತ್ತದೆ. ಹಳದಿ ಬೋರ್ಡ್ ಇರಲಿ, ಆಲ್ ಇಂಡಿಯಾ ಟೂರಿಸ್ಟ್ ಪರ್ಮಿಟ್ ಕಾಗದ ಕಣ್ಣಾರೆ ನೋಡಿ. ಆಮೇಲೆ ಇಬ್ಬಿಬ್ಬರನ್ನು ಜೋಡಿ ಮಾಡಿ. ನನ್ನ ಜೋಡಿ ನನ್ನ ಮೊಮ್ಮಗಳು. ಗಾಡಿ ಹೊರಡುವ ಮುಂಚೆ ಅವಳು ನನ್ನನ್ನು ನೋಡಬೇಕು, ನಾನು ಅವಳನ್ನು. ಸುಮ್ನೆ ತಲೆ ಎಣಿಸಿದರೆ ತಪ್ಪುತ್ತದೆ, ಜೋಡಿ ನೋಡಿಕೊಂಡರೆ ತಪ್ಪುವುದಿಲ್ಲ. ವಯಸ್ಸಾದವರ ಪರ್ಸಿನಲ್ಲಿ, ಮಕ್ಕಳ ಜೇಬಿನಲ್ಲಿ ಮನೆಯ ಎರಡು ಫೋನ್ ನಂಬರ್ ಬರೆದ ಚೀಟಿ ಇಡಿ.

ಕಾಶಿಗೆ ಹತ್ತಿರ ಹತ್ತಿರ 1,800 ಕಿಲೋಮೀಟರ್. ನಮ್ಮ ಹುಡುಗರು ಮೂರು ದಿನ ಸಾಕು ಅಂತಾರೆ. ನಾನು ಒಪ್ಪುವುದಿಲ್ಲ. ಐದು ದಿನ ಇಟ್ಟುಕೊಳ್ಳಿ. ರಾತ್ರಿಗೆ ಕರ್ನೂಲು, ನಿರ್ಮಲ್, ನಾಗ್ಪುರ, ಜಬಲ್ಪುರ, ಐದನೇ ದಿನ ಕಾಶಿ. ಕೊನೆಯ ದಿನದ ದಾರಿ ಉದ್ದ, ಅವತ್ತು ಬೆಳಗ್ಗೆ 5ಕ್ಕೇ ಹೊರಡಿ. ಡಿಸೆಂಬರ್, ಜನವರಿ ಬೇಡ. ಉತ್ತರದ ಕಡೆ ಮಂಜು ಕವಿದರೆ ಮುಂದಿನ ಲಾರಿಯೇ ಕಾಣುವುದಿಲ್ಲ. ಫೆಬ್ರವರಿ ಒಳ್ಳೆಯದು, ಆದರೆ ಶಿವರಾತ್ರಿ ತಪ್ಪಿಸಿ, ಆಗ ಕಾಶಿಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ.

ಡ್ರೈವರ್ ಇಬ್ಬರಿರಲಿ. ದಿನಕ್ಕೆ 8 ಗಂಟೆಗಿಂತ ಜಾಸ್ತಿ ಕೆಲಸ ಮಾಡಿಸಬಾರದು ಅಂತ ಕಾನೂನೇ ಇದೆ. ಅವರಿಗೂ ರೂಮು ಹಾಕಿಸಿ, ಗಾಡಿಯೊಳಗೇ ಮಲಗಿಸಬೇಡಿ. ನಮ್ಮ ಹದಿನೇಳು ಜೀವ ಅವರ ನಿದ್ದೆಯ ಮೇಲೆ ನಿಂತಿದೆ ಅಲ್ವಾ? ಹೆದ್ದಾರಿಯಲ್ಲಿ ಗಾಡಿ ಕೆಟ್ಟರೆ 1033ಕ್ಕೆ ಫೋನ್ ಮಾಡಿ. ಈ ನಂಬರ್ ಎಲ್ಲರ ಫೋನಿನಲ್ಲೂ ಇರಲಿ.

ಈಗ ಹೇಳುವುದನ್ನು ಮನೆಯ ಗಂಡಸರು ಗಮನವಿಟ್ಟು ಓದಿ. "ಯಾರಿಗಾದರೂ ನಿಲ್ಲಿಸಬೇಕಾ?" ಅಂತ ಕೇಳಬೇಡಿ. ನಾವು ಹೆಂಗಸರು, ಅದರಲ್ಲೂ ವಯಸ್ಸಾದವರು, "ಬೇಡಪ್ಪ" ಅಂತಲೇ ಹೇಳುತ್ತೇವೆ. ಎಲ್ಲರ ಮುಂದೆ ಹೇಳಲು ಸಂಕೋಚ. ಗಾಡಿ ನಿಲ್ಲಿಸುವುದೇ ಬೇಡ ಅಂತ ನೀರು ಕುಡಿಯುವುದನ್ನೇ ಬಿಡುತ್ತೇವೆ. ಮೊದಲ ಸಲ ನನ್ನ ವಾರಗಿತ್ತಿಗೆ ನಾಗ್ಪುರ ತಲುಪುವಷ್ಟರಲ್ಲಿ ಉರಿಮೂತ್ರ ಶುರುವಾಗಿ, ಜ್ವರ ಬಂದು, ಎರಡು ದಿನ ಅಲ್ಲೇ ಉಳಿಯಬೇಕಾಯಿತು. ಗಡಿಯಾರ ನೋಡಿ, ಎರಡು ಗಂಟೆಗೊಮ್ಮೆ ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿ. ಎಲ್ಲರೂ ಇಳಿಯಲಿ, ನಾಲ್ಕು ಹೆಜ್ಜೆ ನಡೆಯಲಿ. ಕಾಲು ಊದುವುದೂ ಕಡಿಮೆಯಾಗುತ್ತದೆ. ಒಂದು ಚೀಲದಲ್ಲಿ ಸೋಪು, ಚೊಂಬು, ಹಳೆ ಪೇಪರ್, ಟಾರ್ಚ್ ಹಾಕಿ ಬಾಗಿಲ ಹತ್ತಿರವೇ ಇಡಿ. ನನ್ನ ಸೊಸೆ ಎರಡನೇ ಸಲ ಹೀಗೇ ಮಾಡಿದಳು. ಅವಳನ್ನು ನಾನು ಎಷ್ಟು ಹೊಗಳಿದರೂ ಸಾಲದು.

ಊಟದ ವಿಷಯ. ಮೊದಲ ದಿನಕ್ಕೆ ಮೊಸರನ್ನ ಕಟ್ಟುವುದಾದರೆ ಮೊಸರು ಸುರಿದು ಕಲಸಬೇಡಿ, ಮಧ್ಯಾಹ್ನಕ್ಕೆ ಹುಳಿಯಾಗುತ್ತದೆ. ಬಿಸಿ ಅನ್ನ ಚೆನ್ನಾಗಿ ಮಿದ್ದು ಕಾಸಿದ ಹಾಲು ಹಾಕಿ. ಆರಿದ ಮೇಲೆ ಒಂದು ಚಮಚ ಮೊಸರು ಸಾಕು. ಊಟದ ಹೊತ್ತಿಗೆ ಹದವಾಗಿರುತ್ತದೆ. ಹಸಿ ಈರುಳ್ಳಿ, ಹಸಿ ಕಾಯಿ ಯಾವುದಕ್ಕೂ ಬೇಡ. ಮುಂದಿನ ದಿನಗಳಿಗೆ ಪುಳಿಯೋಗರೆ ಗೊಜ್ಜು ಒಂದು ದೊಡ್ಡ ಬಾಟಲಿ ಇರಲಿ. ಎಳ್ಳೆಣ್ಣೆ ಧಾರಾಳವಾಗಿ ಹಾಕಿ, ಎಣ್ಣೆ ಬಿಡುವವರೆಗೆ ಕುದಿಸಿದ್ದರೆ ತಿಂಗಳಾದರೂ ಕೆಡುವುದಿಲ್ಲ. ಢಾಬಾದಲ್ಲಿ ಬಿಳಿ ಅನ್ನ ತೆಗೆದುಕೊಂಡು ಕಲಸಿದರೆ ಆಯಿತು. ಹೈದರಾಬಾದ್ ದಾಟಿ ಉತ್ತರಕ್ಕೆ ಹೋದಂತೆ ನಮ್ಮ ರುಚಿಯ ಊಟ ಸಿಗುವುದು ಕಷ್ಟ, ಆಗ ಅದರ ಬೆಲೆ ಗೊತ್ತಾಗುತ್ತದೆ. ನಮ್ಮ ಬೀಗರು ಬಾಗಲಕೋಟೆ ಕಡೆಯವರು. ಅವರು ತಂದ ಕಟಕ ರೊಟ್ಟಿ, ಶೇಂಗಾ ಚಟ್ನಿ ಕಾಶಿ ಮುಟ್ಟುವವರೆಗೂ ಗರಿಗರಿಯಾಗೇ ಇತ್ತು. ಮಕ್ಕಳಿಗೆ ಹುರಿದ ಅವಲಕ್ಕಿ. ವಾಂತಿ ಬರುವವರಿಗೆ ಮುಂದಿನ ಸೀಟು ಕೊಡಿ, ಬಾಯಲ್ಲಿ ಉಪ್ಪು ಹಚ್ಚಿದ ಶುಂಠಿ ಚೂರು ಇರಲಿ, ಫೋನು ನೋಡಲು ಬಿಡಬೇಡಿ.

ಬಿಪಿ, ಸಕ್ಕರೆ ಮಾತ್ರೆ ಹದಿನೈದು ದಿನಕ್ಕೆ ಬೇಕಾದರೆ ಇಪ್ಪತ್ತು ದಿನದ್ದು ತನ್ನಿ, ಕೈಚೀಲದಲ್ಲೇ ಇಡಿ. ಗಾಡಿಯ ಮೇಲೆ ಕಟ್ಟಿದ ಸೂಟ್‌ಕೇಸಿನಲ್ಲಿ ಬೇಡ.

ದುಡ್ಡಿಗೆ ಒಂದು ಡಬ್ಬಿ. ಮನೆಗಿಷ್ಟು ಅಂತ ಮೊದಲೇ ಹಾಕಿ, ಲೆಕ್ಕ ಒಬ್ಬರೇ ಬರೆಯಲಿ, ರಾತ್ರಿ ಎಲ್ಲರೆದುರು ಓದಲಿ. ಕಿಟಕಿ ಸೀಟು ದಿನಕ್ಕೊಬ್ಬರಿಗೆ. ಇವೆರಡು ಸರಿ ಇದ್ದರೆ ಅರ್ಧ ಜಗಳ ಹುಟ್ಟುವುದೇ ಇಲ್ಲ.

ಕಾಶಿಯಲ್ಲಿ ಘಾಟ್ ಹತ್ತಿರದ ಗಲ್ಲಿಗಳಿಗೆ ದೊಡ್ಡ ಗಾಡಿ ಹೋಗುವುದಿಲ್ಲ. ದೂರ ನಿಲ್ಲಿಸಿ ಆಟೋ ಹಿಡಿದು, ಆಮೇಲೆ ನಡೆಯಬೇಕು. ಆದ್ದರಿಂದ ಎರಡು ದಿನದ ಬಟ್ಟೆಯ ಸಣ್ಣ ಚೀಲ ಬೇರೆಯೇ ಇರಲಿ. ಹನುಮಾನ್ ಘಾಟ್ ಹತ್ತಿರದ ಕರ್ನಾಟಕ ಛತ್ರ, ಜಂಗಮವಾಡಿ ಮಠ ನಮ್ಮವರಿಗೆ ಗೊತ್ತಿರುವ ಜಾಗಗಳು. ಎಲ್ಲೇ ಇಳಿದುಕೊಂಡರೂ ಹೊರಡುವ ಮುಂಚೆ ಫೋನ್ ಮಾಡಿ ನೆಲಮಹಡಿಯ ರೂಮು ಕೇಳಿ. ಮಂಡಿ ನೋವಿನವರು ಮೆಟ್ಟಿಲು ಹತ್ತಲಾರರು.

ಬರುವಾಗ ಗಂಗೆಯ ಗಿಂಡಿಗಳನ್ನು ಹಳೆ ಸೀರೆಯಲ್ಲಿ ಸುತ್ತಿ ಸೀಟಿನ ಕೆಳಗೆ ನೆಟ್ಟಗೆ ಇಡಿ. ಮೇಲಿನ ಕ್ಯಾರಿಯರಿಗೆ ಹಾಕಿದರೆ ಕುಲುಕಾಟಕ್ಕೆ ಬೆಸುಗೆ ಬಿಡುತ್ತದೆ, ನಮ್ಮದು ಎರಡು ಹಾಗೆ ಹೋಯಿತು. ಕಾಶಿ ಸಮಾರಾಧನೆಯ ದಿನವನ್ನು ಮನೆಗೆ ಬಂದು ಒಂದು ವಾರವಾದ ಮೇಲೆ ಇಟ್ಟುಕೊಳ್ಳಿ. ಹದಿನೇಳು ಜನರ ಬಟ್ಟೆ ಒಗೆದು ಒಣಗಿಸಲು ನಮಗೆ ನಾಲ್ಕು ದಿನ ಹಿಡಿಯಿತು.