ಕತ್ತಿ ಎತ್ತಿ ತಡೆದು ನಿಂತವಳು: ನಾಲ್ಕು ಸೆಕೆಂಡಿನ ಆನಿಮೆ ದೃಶ್ಯ ಬಿಡಿಸುವ ಬಗೆ

ಜಡಿಮಳೆಯ ರಾತ್ರಿ, ಉಡುಪಿ ಕಡೆಯ ಹೆಂಚಿನ ಮನೆಯ ಅಂಗಳ. ಅರೆಪಿಶಾಚಿ ಹುಡುಗಿ ಕತ್ತಿ ಎತ್ತಿದ್ದಾಳೆ, ಎದುರಿಗೆ ದೆವ್ವ ಹೊಕ್ಕ ತಮ್ಮ. ಈ ದೃಶ್ಯದ ಜೀವ ಇರುವುದು ಬೀಸಿದ ಕತ್ತಿಯಲ್ಲಲ್ಲ, ಬೀಸುವ ಮುಂಚಿನ ತಡವರಿಕೆಯಲ್ಲಿ.

ಸೆಕೆಂಡಿಗೆ 24ರಂತೆ ಒಟ್ಟು 96 ಫ್ರೇಮ್ (ತೆರೆಯ ಮೇಲೆ ಒಂದರ ಹಿಂದೊಂದು ಬರುವ ಸ್ಥಿರ ಚಿತ್ರಗಳು). ಓಡಿ ಬಂದು ಕತ್ತಿ ಎತ್ತಲು 18. ಒಂದು ಚಿತ್ರ ಎರಡು ಫ್ರೇಮ್ ನಿಂತರೆ 9 ಚಿತ್ರ ಸಾಕು. ಹಿಂಜರಿಕೆಗೆ 48. ಬೀಸಿಗೆ ಬರೀ 6, ಅಲ್ಲಿ ಮಾತ್ರ ಪ್ರತಿ ಫ್ರೇಮಿಗೂ ಹೊಸ ಚಿತ್ರ. ಉಳಿದ 24ರಲ್ಲಿ ಅವಳ ಬೆನ್ನು, ಅಲುಗದೆ.

ಆ 48ರಲ್ಲಿ ಮೈಗೆ ಒಂದೇ ಚಿತ್ರ. ಕೂದಲು, ಕಣ್ಣು, ಬೆರಳು ಬೇರೆ ಬೇರೆ ಪದರದಲ್ಲಿರಲಿ, ಅಂದರೆ ಒಂದೊಂದನ್ನೂ ಬೇರೆ ಹಾಳೆಯಲ್ಲಿ ಬಿಡಿಸಿ. ಕೂದಲಿಗೆ 4 ಚಿತ್ರ, ಒಂದೊಂದು 3 ಫ್ರೇಮ್, ನಾಲ್ಕು ಸುತ್ತು. ಈ 48ರ 20ನೇ ಫ್ರೇಮಿನಲ್ಲಿ ಹಿಡಿಯ ಮೇಲಿನ ಎರಡು ಬೆರಳು ಸಡಿಲವಾಗಬೇಕು, 40ರಲ್ಲಿ ಬಿಗಿಯಬೇಕು, ಕಣ್ಣು ಮುಚ್ಚುವುದು 44ಕ್ಕೆ. ಕಣ್ಣು ಮೊದಲು ಮುಚ್ಚಿದರೆ ಹೆದರಿದಂತೆ ಕಾಣುತ್ತದೆ. ಕೈ ಮೊದಲು ಬಿಗಿದರೆ ಮನಸ್ಸು ಒಪ್ಪದೆ ಹೊಡೆದದ್ದು ತಿಳಿಯುತ್ತದೆ. ಉದ್ದವಾಯಿತೆಂದು ಹಿಂಜರಿಕೆಯನ್ನು 20 ಫ್ರೇಮಿಗೆ ಇಳಿಸಬೇಡಿ, ಆಗ ಅವಳು ಗುರಿ ಹಿಡಿಯುತ್ತಿದ್ದಾಳೆ ಅನ್ನಿಸುತ್ತದೆ, ಅಷ್ಟೆ.

ಕಾಗದ 80 ಜಿಎಸ್‌ಎಂ ಎ4. ಆಫೀಸಿನ ಪಂಚಿಂಗ್ ಮೆಷಿನ್ನಿನ ತೂತು 6 ಮಿ.ಮೀ., ನಡುವಿನ ಅಂತರ 80 ಮಿ.ಮೀ.; ಹಾಳೆಗಳು ಒಂದರ ಮೇಲೊಂದು ಸರಿಯಾಗಿ ಕೂರಲು ಅದೇ ಅಳತೆಗೆ ಗಾಜಿನ ಮೇಲೆ ಎರಡು ಗೂಟ ಅಂಟಿಸಿ. ನಮ್ಮ ಕರಾವಳಿಯ ಮಳೆಗಾಲದಲ್ಲಿ ಕಾಗದ ತೇವ ಎಳೆದು ಹಿಗ್ಗುತ್ತದೆ, ತೂತು ಸಡಿಲವಾಗಿ ಚಿತ್ರಗಳೆಲ್ಲ ನಡುಗುತ್ತವೆ. ಕಾಗದವನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ಒಂದು ದೃಶ್ಯದ ಹಾಳೆಗಳನ್ನೆಲ್ಲ ಒಂದೇ ದಿನ ಪಂಚ್ ಮಾಡಿ.

ಮೊಬೈಲಿನಲ್ಲಿ ಚಿತ್ರಗಳ ಫೋಟೊ ತೆಗೆಯುವಾಗ ಎಕ್ಸ್‌ಪೋಶರ್ (ಬೆಳಕಿನ ಮಟ್ಟ), ವೈಟ್ ಬ್ಯಾಲೆನ್ಸ್ (ಬಣ್ಣದ ಛಾಯೆ) ಎರಡನ್ನೂ ಲಾಕ್ ಮಾಡಿ. ನಮ್ಮ ಕರೆಂಟು 50 ಹರ್ಟ್ಸ್. ಟ್ಯೂಬ್‌ಲೈಟ್ ಅಡಿಯಲ್ಲಿ ಶಟರ್ 1/50 ಅಥವಾ 1/100 ಸೆಕೆಂಡಿಗೆ ಇಡದಿದ್ದರೆ ಪಟ್ಟೆ ಬೀಳುತ್ತದೆ. ಬಣ್ಣಕ್ಕೆ ಓಪನ್‌ಟೂನ್ಜ್ ಎಂಬ ಆನಿಮೇಷನ್ ತಂತ್ರಾಂಶ ಸಾಕು. ಜಪಾನಿನ ಆನಿಮೆ ಸಂಸ್ಥೆ ಘಿಬ್ಲಿ ಸ್ಟುಡಿಯೊ ಬಳಸುತ್ತಿದ್ದ ಟೂನ್ಜ್‌ನಿಂದ ಬಂದದ್ದು ಅದು, 2016ರಿಂದ ಉಚಿತ.

ಕತ್ತಲೆಗೆ ಕಪ್ಪು ಬಳಿಯಬೇಡಿ, ಗೆರೆಗಳೇ ಮುಳುಗುತ್ತವೆ. ಕಡುನೀಲಿ ಹಾಕಿ, ಚಾವಡಿಯ ಬಲ್ಬಿನ ಹಳದಿಯನ್ನು ಅವಳ ಒಂದು ಕೆನ್ನೆಗೆ, ಕತ್ತಿಯ ಒಂದು ಅಂಚಿಗೆ ಮಾತ್ರ ಕೊಡಿ. ಮಳೆಗೆ 6 ಚಿತ್ರ, ಕ್ರಮ ತಪ್ಪಿಸಿ ಜೋಡಿಸಿ; ಒಂದೇ ಸರಣಿ ತಿರುಗಿದರೆ ಕಣ್ಣು ಹಿಡಿದುಬಿಡುತ್ತದೆ. ಕತ್ತಿ ತಗಲುವ 2 ಫ್ರೇಮಿನಲ್ಲಿ ಮಳೆಯ ಪದರ ತೆಗೆದುಹಾಕಿ, ಏಟಿಗೆ ತೂಕ ಬರುತ್ತದೆ.