ಬಾಯ್ಲರ್ ಡ್ರಮ್ ಲೆವೆಲ್ ಟ್ರಾನ್ಸ್‌ಮಿಟರ್: ರೇಂಜ್ ಲೆಕ್ಕದಿಂದ ಲೂಪ್ ಪರೀಕ್ಷೆಯವರೆಗೆ

ಸೊಲ್ಲಾಪುರ ಜಿಲ್ಲೆಯ ಸಕ್ಕರೆ ಕಾರ್ಖಾನೆಗಳಲ್ಲಿ ಗಾಳಪ (ಕಬ್ಬು ಅರೆಯುವ) ಹಂಗಾಮು ಸಾಮಾನ್ಯವಾಗಿ ಅಕ್ಟೋಬರ್-ನವೆಂಬರ್‌ನಲ್ಲಿ ಶುರುವಾಗುತ್ತದೆ. ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ, ಪಕ್ಕದ ಸಾಂಗಲಿ ಜಿಲ್ಲೆಯ ಜತ್ತ ಕಡೆಯಿಂದ ಐಟಿಐ ಮುಗಿಸಿ ಇನ್‌ಸ್ಟ್ರುಮೆಂಟ್ ವಿಭಾಗಕ್ಕೆ ಸೇರುವ ಕನ್ನಡದವರಿಗೆ ಸಿಗುವ ಮ್ಯಾನ್ಯುಯಲ್ ಇಂಗ್ಲಿಷಿನಲ್ಲಿ, ಮೇಲಿನವರ ಮಾತು ಮರಾಠಿಯಲ್ಲಿ. ಬಾಯ್ಲರ್ ಹೊತ್ತಿಸುವ ಮುಂಚೆ ತಿಳಿದಿರಬೇಕಾದ್ದನ್ನು ಇಲ್ಲಿ ಕನ್ನಡದಲ್ಲಿ ಬರೆದಿದೆ. ಉದಾಹರಣೆಗೆ ಬಾಯ್ಲರಿನಲ್ಲಿ ನೀರೂ ಆವಿಯೂ ಬೇರೆಯಾಗುವ ಡ್ರಮ್‌ನ ನೀರಿನ ಮಟ್ಟ ತಿಳಿಸುವ ಲೆವೆಲ್ ಟ್ರಾನ್ಸ್‌ಮಿಟರನ್ನೇ ಹಿಡಿದಿರುವುದಕ್ಕೆ ಕಾರಣವಿದೆ. ಕಾರ್ಖಾನೆಯಲ್ಲಿ ಅತಿ ಹೆಚ್ಚು ದಾರಿ ತಪ್ಪಿಸುವ ಉಪಕರಣ ಅದು. ಅದನ್ನು ಅರ್ಥ ಮಾಡಿಕೊಂಡವರಿಗೆ ಉಳಿದವು ಕಷ್ಟವಾಗುವುದಿಲ್ಲ.

ಒಳಗೆ ನಡೆಯುವುದು

ಈ ಟ್ರಾನ್ಸ್‌ಮಿಟರ್ ನೀರಿನ ಮಟ್ಟವನ್ನು ಅಳೆಯುವುದೇ ಇಲ್ಲ. ಅದಕ್ಕೆ ಗೊತ್ತಿರುವುದು ತನ್ನ ಎರಡು ಡಯಾಫ್ರಮ್‌ಗಳ ಮೇಲೆ ಬೀಳುವ ಒತ್ತಡಗಳ ವ್ಯತ್ಯಾಸ ಮಾತ್ರ. ಎಚ್ (ಹೈ) ಬದಿ, ಎಲ್ (ಲೋ) ಬದಿ ಎರಡರಲ್ಲೂ ತೆಳು ಲೋಹದ ಡಯಾಫ್ರಮ್, ಅದರ ಹಿಂದೆ ಸಿಲಿಕೋನ್ ಎಣ್ಣೆ, ನಡುವೆ ಸೆನ್ಸರ್. ವ್ಯತ್ಯಾಸ ಬಿದ್ದಾಗ ಸೆನ್ಸರ್ ಕೂದಲೆಳೆಯಷ್ಟೂ ಇಲ್ಲದ ಅಂತರ ಬಾಗುತ್ತದೆ. ಆ ಬಾಗನ್ನು ಕೆಲವು ಕಂಪನಿಗಳ ಉಪಕರಣ ಕೆಪಾಸಿಟೆನ್ಸ್ ಬದಲಾವಣೆಯಿಂದ ಹಿಡಿಯುತ್ತದೆ, ಕೆಲವು ರೆಸಿಸ್ಟೆನ್ಸ್ ಬದಲಾವಣೆಯಿಂದ. ಒಳಗಿನ ಮೈಕ್ರೊಪ್ರೊಸೆಸರ್ ಉಷ್ಣತೆಯ ತಿದ್ದುಪಡಿ ಮಾಡಿ, ನಾವು ಕೊಟ್ಟ ರೇಂಜ್ (ಯಾವ ಒತ್ತಡಕ್ಕೆ 4, ಯಾವುದಕ್ಕೆ 20 ಎಂಬುದು) ಪ್ರಕಾರ 4ರಿಂದ 20 ಮಿಲಿ ಆಂಪಿಯರ್ ಕರೆಂಟನ್ನು ಲೂಪ್‌ನಲ್ಲಿ, ಅಂದರೆ ಕಂಟ್ರೋಲ್ ರೂಮಿಗೆ ಹೋಗಿಬರುವ ತಂತಿಯ ಸುತ್ತಿನಲ್ಲಿ, ಎಳೆಯುತ್ತದೆ. ಉಪಕರಣಕ್ಕೆ ವಿದ್ಯುತ್ ಬರುವುದೂ ಅದೇ ಎರಡು ತಂತಿಗಳಿಂದ, ಅಳತೆ ಹೋಗುವುದೂ ಅವುಗಳಿಂದಲೇ.

ಶೂನ್ಯಕ್ಕೆ 4 ಮಿಲಿ ಆಂಪಿಯರ್ ಇಟ್ಟಿರುವುದರಿಂದ ಎರಡು ಲಾಭ. ಉಪಕರಣ ನಡೆಯಲು ಬೇಕಾದ ಕರೆಂಟ್ ಆ ನಾಲ್ಕರಲ್ಲೇ ಸಿಗುತ್ತದೆ. ತಂತಿ ಕಡಿದರೆ ಕರೆಂಟ್ 0 ಆಗುವುದರಿಂದ ಖಾಲಿ ಡ್ರಮ್ಮಿಗೂ ಕಡಿದ ತಂತಿಗೂ ಗೊಂದಲವಿಲ್ಲ. ಲೆಕ್ಕ ಸುಲಭ: ಶೇಕಡಾವಾರು ಬೆಲೆಯನ್ನು 0.16ರಿಂದ ಗುಣಿಸಿ 4 ಕೂಡಿಸಿ. ಶೇ 25ಕ್ಕೆ 8, ಶೇ 50ಕ್ಕೆ 12, ಶೇ 75ಕ್ಕೆ 16. ನಾಮುರ್ (ಆಟೊಮೇಷನ್ ಉಪಕರಣ ಬಳಸುವ ಉದ್ಯಮಗಳ ಸಂಘ) ಕೊಟ್ಟ ಎನ್‌ಇ 43 ಶಿಫಾರಸಿನ ಪ್ರಕಾರ 3.8ರಿಂದ 20.5ರವರೆಗಿನದು ಅಳತೆ. 3.6 ಅಥವಾ ಅದಕ್ಕಿಂತ ಕೆಳಗೆ, 21 ಅಥವಾ ಅದಕ್ಕಿಂತ ಮೇಲೆ ಹೋದರೆ ಉಪಕರಣ ತಾನು ಕೆಟ್ಟಿದ್ದೇನೆಂದು ಹೇಳುತ್ತಿದೆ.

ರೇಂಜ್ ಲೆಕ್ಕ: ಎಲ್ಲ ತಪ್ಪಿನ ಬೇರು ಇಲ್ಲಿದೆ

ಡ್ರಮ್‌ನ ಕೆಳಗಿನ ಟ್ಯಾಪಿಂಗ್ (ಒತ್ತಡ ತೆಗೆದುಕೊಳ್ಳುವ ತೂತು) ಎಚ್ ಬದಿಗೆ ಬರುತ್ತದೆ. ಮೇಲಿನ ಟ್ಯಾಪಿಂಗ್ ಕಂಡೆನ್ಸೇಟ್ ಪಾಟ್ ಮೂಲಕ ಎಲ್ ಬದಿಗೆ. ಮೇಲಿನ ಆವಿ ಪಾಟ್‌ನಲ್ಲಿ ತಣಿದು ನೀರಾಗಿ ಆ ಪೈಪನ್ನು ಸದಾ ತುಂಬಿಟ್ಟಿರುತ್ತದೆ. ಇದಕ್ಕೇ ವೆಟ್ ಲೆಗ್ ಎನ್ನುವುದು. ಡ್ರಮ್ ಖಾಲಿಯಾದರೂ ಎಲ್ ಬದಿಯಲ್ಲಿ ಈ ನೀರಿನ ಭಾರ ಇದ್ದೇ ಇರುವುದರಿಂದ ವ್ಯತ್ಯಾಸ ಋಣ ಸಂಖ್ಯೆಯಲ್ಲಿ ಬರುತ್ತದೆ. ಕೆಲವು ಕಾರ್ಖಾನೆಗಳಲ್ಲಿ ವೆಟ್ ಲೆಗ್ಗನ್ನು ಎಚ್ ಬದಿಗೆ ಕೊಟ್ಟು ಔಟ್‌ಪುಟ್ ತಿರುಗಿಸಿರುತ್ತಾರೆ. ಹಾಗಾಗಿ ಮೊದಲು ಪೈಪ್ ಹಿಡಿದು ನಡೆದು ನೋಡಿ, ಡ್ರಾಯಿಂಗ್ ನಂಬಿ ಕೂರಬೇಡಿ.

ಟ್ಯಾಪಿಂಗ್‌ಗಳ ನಡುವಿನ ಅಂತರ 600 ಮಿ.ಮೀ. ಎಂದಿಟ್ಟುಕೊಳ್ಳಿ. ತಣ್ಣೀರಿನ ಲೆಕ್ಕದಲ್ಲಿ ಖಾಲಿಗೆ −600 ಮಿ.ಮೀ. ನೀರಿನ ಕಂಬ, ತುಂಬಿದಾಗ 0. ಟ್ರಾನ್ಸ್‌ಮಿಟರ್ ಒಂದೆರಡು ಮೀಟರ್ ಕೆಳಗಿದ್ದರೂ ಎರಡೂ ಬದಿಯ ಹೆಚ್ಚುವರಿ ನೀರು ಒಂದನ್ನೊಂದು ಹೊಡೆದುಹಾಕುತ್ತದೆ. −600ರಿಂದ 0 ಎಂದು ರೇಂಜ್ ಕೊಟ್ಟು ಕೈತೊಳೆದುಕೊಂಡವರು ಬಹಳ. ಆದರೆ ಓಡುವ ಡ್ರಮ್‌ನಲ್ಲಿರುವುದು ತಣ್ಣೀರಲ್ಲ.

ಚದರ ಸೆಂ.ಮೀ.ಗೆ 45 ಕೆಜಿ ಒತ್ತಡದ ಬಾಯ್ಲರಿನಲ್ಲಿ ನೀರು ಸುಮಾರು 257 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ. ಆಗ ಆ ನೀರಿನ ಸಾಂದ್ರತೆ ಘನ ಮೀಟರಿಗೆ ಸುಮಾರು 788 ಕೆಜಿ, ಮೇಲಿನ ಆವಿಯದು 22.7 ಕೆಜಿ. ವೆಟ್ ಲೆಗ್ ಮಾತ್ರ ಹೊರಗಿನ ಗಾಳಿಗೆ ತಣಿದಿರುತ್ತದೆ, 40 ಡಿಗ್ರಿಗೆ 992 ಕೆಜಿ. ಮೀಟರಿನಲ್ಲಿ ಎತ್ತರವನ್ನು ಸಾಂದ್ರತೆಯಿಂದ ಗುಣಿಸಿದರೆ ಮಿ.ಮೀ. ನೀರಿನ ಕಂಬ ಸಿಗುತ್ತದೆ. ಈಗ ಲೆಕ್ಕ ಹೀಗೆ:

ಖಾಲಿ ಡ್ರಮ್: (0.6 × 22.7) − (0.6 × 992) = 13.6 − 595.2 = −581.6 ಮಿ.ಮೀ.
ತುಂಬಿದ ಡ್ರಮ್: (0.6 × 788) − 595.2 = 472.8 − 595.2 = −122.4 ಮಿ.ಮೀ.

ಅಂದರೆ ಸರಿಯಾದ ರೇಂಜ್ −582ರಿಂದ −122. ಇದರ ಬದಲು −600ರಿಂದ 0 ಬಿಟ್ಟರೆ, ಅರ್ಧ ತುಂಬಿದ ಡ್ರಮ್ ಶೇ 41 ಎಂದು, ಪೂರ್ತಿ ತುಂಬಿದ್ದು ಶೇ 80 ಎಂದು ಕಾಣುತ್ತದೆ. ಆಪರೇಟರ್ ಶೇ 50ಕ್ಕೆ ತರಲು ನೀರು ಬಿಡುತ್ತಲೇ ಇರುತ್ತಾನೆ, ನೀರು ಆವಿಯ ಜೊತೆ ಸೂಪರ್‌ಹೀಟರ್‌ಗೂ ಟರ್ಬೈನ್‌ಗೂ ಹೋಗುತ್ತದೆ. 67, 87 ಕೆಜಿ ಒತ್ತಡದ ಕೋಜನರೇಷನ್ ಬಾಯ್ಲರ್‌ಗಳಲ್ಲಿ ನೀರು ಇನ್ನೂ ಹಗುರ, ತಪ್ಪು ಇನ್ನೂ ದೊಡ್ಡದು. ಸ್ಟೀಮ್ ಟೇಬಲ್ ತೆಗೆದು ನಿಮ್ಮ ಒತ್ತಡದ ಬೆಲೆ ಹಾಕಿ ಇದೇ ಲೆಕ್ಕ ಮಾಡಿ.

ಬಿಸಿಗೆಂದು ರೇಂಜ್ ಕೊಟ್ಟ ಮೇಲೆ ತಣ್ಣನೆಯ ಬಾಯ್ಲರಿನಲ್ಲಿ ಅದು ಹೆಚ್ಚು ತೋರಿಸುವುದು ಸಹಜ. ಅರ್ಧ ತುಂಬಿದ್ದರೆ ಸುಮಾರು ಶೇ 62. ಒತ್ತಡ ಏರುವವರೆಗೆ ನೀರು ಕಣ್ಣಿಗೆ ಕಾಣುವ ಗೇಜ್ ಗ್ಲಾಸೇ ಗತಿ. ಡಿಸಿಎಸ್‌ನಲ್ಲಿ (ಕಂಟ್ರೋಲ್ ರೂಮಿನ ನಿಯಂತ್ರಣ ಕಂಪ್ಯೂಟರ್) ಡ್ರಮ್ ಒತ್ತಡದಿಂದ ಸಾಂದ್ರತೆಯ ತಿದ್ದುಪಡಿ ಹಾಕಿದ್ದರೆ ಈ ತೊಂದರೆ ಇಲ್ಲ, ಆದರೆ ಆಗ ಟ್ರಾನ್ಸ್‌ಮಿಟರಿನಲ್ಲಿ ಯಾವ ರೇಂಜ್ ಇರಬೇಕೆಂದು ಡಿಸಿಎಸ್ ಲಾಜಿಕ್ ನೋಡಿಯೇ ನಿರ್ಧರಿಸಿ. ಎರಡೂ ಕಡೆ ತಿದ್ದಿದರೆ ಮತ್ತೆ ತಪ್ಪು. ಗೇಜ್ ಗ್ಲಾಸಿನ ನೀರೂ ಡ್ರಮ್‌ಗಿಂತ ತಣ್ಣಗಿರುವುದರಿಂದ ಅದು ನಿಜಕ್ಕಿಂತ ಸ್ವಲ್ಪ ಕಡಿಮೆ ತೋರಿಸುತ್ತದೆ. ಹಾಗಾಗಿ ಓಡುವ ಬಾಯ್ಲರಿನಲ್ಲಿ ಗ್ಲಾಸಿಗೆ ಸರಿಯಾಗಿ ಕೂರಲೆಂದು ಟ್ರಾನ್ಸ್‌ಮಿಟರ್ ತಿರುಚುವುದು ಸರಿಯಲ್ಲ.

ಇಂಪಲ್ಸ್ ಲೈನ್ ಮತ್ತು ಮ್ಯಾನಿಫೋಲ್ಡ್

ಆವಿ, ನೀರಿನ ಕೆಲಸಕ್ಕೆ ಟ್ರಾನ್ಸ್‌ಮಿಟರ್ ಟ್ಯಾಪಿಂಗ್‌ಗಿಂತ ಕೆಳಗೆ, ಗಾಳಿ ಮತ್ತು ಫ್ಲೂ ಗ್ಯಾಸಿಗೆ ಮೇಲೆ. ಟ್ಯಾಪಿಂಗ್‌ನಿಂದ ಟ್ರಾನ್ಸ್‌ಮಿಟರಿಗೆ ಬರುವ ಇಂಪಲ್ಸ್ ಲೈನ್‌ಗೆ ಮೀಟರಿಗೆ 8 ಸೆಂ.ಮೀ.ನಷ್ಟು ಇಳಿಜಾರು ಕೊಡಿ, ನಡುವೆ ಎಲ್ಲೂ ಗೂನು ಬರಬಾರದು. ಗೂನಿನಲ್ಲಿ ನಿಂತ ಗಾಳಿಗುಳ್ಳೆ 50 ಮಿ.ಮೀ. ಎತ್ತರ ಹಿಡಿದರೆ ನಮ್ಮ ಉದಾಹರಣೆಯಲ್ಲಿ ಅದೊಂದೇ ಶೇ 11ರಷ್ಟು ತಪ್ಪು. ವೆಟ್ ಲೆಗ್‌ಗೆ ಇನ್ಸುಲೇಷನ್ ಸುತ್ತಬೇಡಿ, ಅದು ತಣ್ಣಗೇ ಇರಬೇಕು. ಸೊಲ್ಲಾಪುರದ ಡಿಸೆಂಬರ್ ಬೆಳಗಿಗೂ ಏಪ್ರಿಲ್ ಮಧ್ಯಾಹ್ನಕ್ಕೂ ಲೆಗ್‌ನ ನೀರು 20 ಡಿಗ್ರಿಯಿಂದ 40ಕ್ಕೆ ಹೋದರೂ ರೀಡಿಂಗ್ ಶೇ 1ರೊಳಗೇ ಸರಿಯುತ್ತದೆ, ಅದಕ್ಕೆ ತಲೆಕೆಡಿಸಿಕೊಳ್ಳಬೇಕಿಲ್ಲ.

ಬಾಯ್ಲರ್ ಹೊತ್ತಿಸುವ ಮುಂಚೆಯೇ ಪಾಟ್‌ನ ಪ್ಲಗ್ ತೆಗೆದು ವೆಟ್ ಲೆಗ್ಗಿಗೆ ಶುದ್ಧ ನೀರು ತುಂಬಿ, ಟ್ರಾನ್ಸ್‌ಮಿಟರಿನ ವೆಂಟ್ ಬಿಟ್ಟು ಗಾಳಿ ಹೊರಹಾಕಿ. ಖಾಲಿ ಲೈನ್‌ಗೆ ನೇರ ಆವಿ ಬಿಟ್ಟರೆ ಡಯಾಫ್ರಮ್‌ನ ಹಿಂದಿನ ಎಣ್ಣೆ ತಡೆಯುವುದಿಲ್ಲ. ಅದರ ಮಿತಿ ಸಾಮಾನ್ಯವಾಗಿ 120 ಡಿಗ್ರಿಯ ಆಸುಪಾಸು.

ಓಡುವ ಬಾಯ್ಲರಿನಲ್ಲಿ ಸೊನ್ನೆ ನೋಡುವ ಕ್ರಮ ಹೀಗೆ. ಮೊದಲು ಆಪರೇಟರಿಗೆ ಹೇಳಿ ಫೀಡ್ ವಾಟರ್ ಲೂಪನ್ನು ಮ್ಯಾನ್ಯುಯಲ್‌ಗೆ ಹಾಕಿಸಿ, ಲೆವೆಲ್ ಟ್ರಿಪ್‌ಗೆ (ಮಟ್ಟ ತಪ್ಪಿದರೆ ಬಾಯ್ಲರನ್ನು ತಾನೇ ನಿಲ್ಲಿಸುವ ವ್ಯವಸ್ಥೆ) ಬರವಣಿಗೆಯಲ್ಲಿ ಅನುಮತಿ ಪಡೆದು ಬೈಪಾಸ್ ಮಾಡಿಸಿ.

1. ಮ್ಯಾನಿಫೋಲ್ಡ್‌ನಲ್ಲಿ (ಟ್ರಾನ್ಸ್‌ಮಿಟರಿನ ಮುಂದಿನ ವಾಲ್ವ್‌ಗಳ ಬ್ಲಾಕ್) ಎಲ್ ಬದಿಯ, ಅಂದರೆ ವೆಟ್ ಲೆಗ್‌ನ ವಾಲ್ವ್ ಮುಚ್ಚಿ.
2. ಎರಡೂ ಬದಿಯನ್ನು ಜೋಡಿಸುವ ನಡುವಿನ ಈಕ್ವಲೈಸರ್ ವಾಲ್ವ್ ತೆರೆಯಿರಿ. ಎಚ್ ವಾಲ್ವ್ ತೆರೆದೇ ಇರಲಿ, ಲೈನ್ ಒತ್ತಡದಲ್ಲೇ ಸೊನ್ನೆ ನೋಡಿದ ಹಾಗಾಗುತ್ತದೆ.
3. ಹಾರ್ಟ್ ಕಮ್ಯೂನಿಕೇಟರಿನಲ್ಲಿ (ಅದೇ ತಂತಿಗಳ ಮೂಲಕ ಟ್ರಾನ್ಸ್‌ಮಿಟರಿನ ಜೊತೆ ಮಾತಾಡುವ ಕೈ ಸಾಧನ) ಒತ್ತಡ 0 ಮಿ.ಮೀ. ಇದೆಯೇ ನೋಡಿ. ಇಲ್ಲದಿದ್ದರೆ ಜ಼ೀರೊ ಟ್ರಿಮ್ ಮಾಡಿ.
4. ಈಕ್ವಲೈಸರ್ ಪೂರ್ತಿ ಮುಚ್ಚಿ.
5. ಆಮೇಲೆ ಮಾತ್ರ ಎಲ್ ವಾಲ್ವನ್ನು ನಿಧಾನಕ್ಕೆ ತೆರೆಯಿರಿ.

ಮೂರನೆಯ ಹೆಜ್ಜೆಯಲ್ಲಿ ಮಿಲಿ ಆಂಪಿಯರ್ ನೋಡಿ ಗಾಬರಿಯಾಗಬೇಡಿ. ವ್ಯತ್ಯಾಸ 0 ಎಂದರೆ ನಮ್ಮ ರೇಂಜಿನ ಮೇಲಿನ ತುದಿಗಿಂತಲೂ ಆಚೆ, ಔಟ್‌ಪುಟ್ 20.5ರ ಆಸುಪಾಸಿನಲ್ಲಿ ಅಂಟಿಕೊಂಡಿರುತ್ತದೆ. ಅದನ್ನು 4ಕ್ಕೆ ತರುತ್ತೇನೆಂದು ಉಪಕರಣದ ಮೇಲಿನ ಜ಼ೀರೊ ಬಟನ್ ಒತ್ತುವವರಿದ್ದಾರೆ. ಅನೇಕ ಮಾದರಿಗಳಲ್ಲಿ ಆ ಬಟನ್ ಟ್ರಿಮ್ ಮಾಡುವುದಿಲ್ಲ, ರೇಂಜನ್ನೇ ಸರಿಸುತ್ತದೆ. −582ರಿಂದ −122 ಇದ್ದದ್ದು 0ಯಿಂದ 460 ಆಗಿ, ಡ್ರಮ್‌ನಲ್ಲಿ ನೀರಿದ್ದರೂ ರೀಡಿಂಗ್ ತಳ ಹಿಡಿಯುತ್ತದೆ.

ಎರಡೂ ಬದಿಯ ವಾಲ್ವ್ ತೆರೆದಿರುವಾಗ ಈಕ್ವಲೈಸರ್ ತೆರೆದರೆ ವೆಟ್ ಲೆಗ್‌ನ ನೀರು ಮ್ಯಾನಿಫೋಲ್ಡ್ ದಾಟಿ ಡ್ರಮ್ಮಿಗೆ ಹರಿದುಹೋಗುತ್ತದೆ. ಅದು ಮತ್ತೆ ತುಂಬುವವರೆಗೆ ಲೆವೆಲ್ ನಂಬುವಂತಿಲ್ಲ.

ಯಾವ ಕಡೆಗೆ ಸುಳ್ಳು ಹೇಳುತ್ತದೆ

ವೆಟ್ ಲೆಗ್ ಸೋರಿದರೆ ಎಲ್ ಬದಿಯ ಭಾರ ಇಳಿಯುತ್ತದೆ, ರೀಡಿಂಗ್ ಮೇಲೇರುತ್ತದೆ. ಈಕ್ವಲೈಸರ್ ಸೀಟ್ ಸವೆದು ಸೋರಿದರೂ ಅಷ್ಟೇ. ಕಂಟ್ರೋಲರ್ ಡ್ರಮ್ ತುಂಬಿದೆ ಎಂದುಕೊಂಡು ಫೀಡ್ ವಾಲ್ವ್ ಮುಚ್ಚುತ್ತದೆ, ನಿಜವಾದ ನೀರು ಇಳಿಯುತ್ತ ಹೋಗುತ್ತದೆ. ಕೆಳಗೆ ಬಗ್ಯಾಸ್ (ಕಬ್ಬಿನ ಸಿಪ್ಪೆ) ಉರಿಯುತ್ತಲೇ ಇದೆ, ಬೆಂಕಿಯನ್ನು ತಕ್ಷಣ ನಿಲ್ಲಿಸಲಾಗದು. ಟ್ಯೂಬ್ ಸುಡುವುದು ಹೀಗೆಯೇ. ಆದ್ದರಿಂದ ಲೆವೆಲ್ ಕಾರಣವಿಲ್ಲದೆ ನಿಧಾನಕ್ಕೆ ಏರುತ್ತಿದ್ದು, ಫೀಡ್ ವಾಟರ್ ಫ್ಲೋ ಸ್ಟೀಮ್ ಫ್ಲೋಗಿಂತ ಕಡಿಮೆ ಇದ್ದರೆ, ಮೊದಲ ಅನುಮಾನ ವೆಟ್ ಲೆಗ್ ಮೇಲಿರಲಿ. ಎಚ್ ಬದಿಯ ಲೈನ್ ಸೋರಿದರೆ ಇದಕ್ಕೆ ತದ್ವಿರುದ್ಧ, ರೀಡಿಂಗ್ ಇಳಿಯುತ್ತದೆ. ಎಚ್ ಲೈನ್ ಕಟ್ಟಿಕೊಂಡರೆ ರೀಡಿಂಗ್ ಅಲುಗಾಡುವುದೇ ಇಲ್ಲ. ಓಡುವ ಡ್ರಮ್‌ನ ಲೆವೆಲ್ ಟ್ರೆಂಡ್ ಗೆರೆ ಎಳೆದಂತೆ ನೇರವಾಗಿದ್ದರೆ ಅದನ್ನು ಒಳ್ಳೆಯ ಕಂಟ್ರೋಲ್ ಎಂದು ಹೊಗಳುವ ಮುಂಚೆ ಲೈನ್ ನೋಡಿ ಬನ್ನಿ.

ಲೋಡ್ ಒಮ್ಮೆಲೇ ಏರಿದಾಗ ಒತ್ತಡ ಕುಸಿದು ಗುಳ್ಳೆಗಳು ಹಿಗ್ಗಿ ಲೆವೆಲ್ ಕ್ಷಣಕಾಲ ಏರುವುದು ಮಾತ್ರ ಉಪಕರಣದ ತಪ್ಪಲ್ಲ. ಲೆವೆಲ್ ಜೊತೆ ಸ್ಟೀಮ್ ಫ್ಲೋ, ಫೀಡ್ ಫ್ಲೋ ಎರಡನ್ನೂ ಸೇರಿಸಿದ ತ್ರೀ ಎಲಿಮೆಂಟ್ ಕಂಟ್ರೋಲ್ ಇರುವುದೇ ಅದಕ್ಕೆ.

ಲೂಪ್

ಮೀಟರ್ ಹಿಡಿದರೆ ಹೆಚ್ಚಿನ ಪ್ರಶ್ನೆಗೆ ಉತ್ತರ ಐದು ನಿಮಿಷದಲ್ಲಿ ಸಿಗುತ್ತದೆ. ಡಿಸಿಎಸ್ ಇನ್‌ಪುಟ್‌ನಲ್ಲಿ 250 ಓಮ್ ಇದ್ದರೆ ಅದರ ಮೇಲೆ 4 ಮಿಲಿ ಆಂಪಿಯರಿಗೆ 1 ವೋಲ್ಟ್, 20ಕ್ಕೆ 5 ವೋಲ್ಟ್ ಸಿಗಬೇಕು. ಹಾರ್ಟ್ ಸಂವಹನಕ್ಕೂ ಲೂಪ್‌ನಲ್ಲಿ ಇಷ್ಟು ಓಮ್ ಬೇಕು. ನೇರ ಪವರ್ ಸಪ್ಲೈಗೆ ಸಿಕ್ಕಿಸಿದ ಟ್ರಾನ್ಸ್‌ಮಿಟರ್ ಕಮ್ಯೂನಿಕೇಟರಿಗೆ ಉತ್ತರ ಕೊಡದಿದ್ದರೆ ಅದು ಕೆಟ್ಟಿಲ್ಲ, ರೆಸಿಸ್ಟರ್ ಇಲ್ಲ.

ಕರೆಂಟ್ 0 ಇದ್ದರೆ ಫ್ಯೂಸ್, ಕಡಿದ ತಂತಿ, ತಿರುವುಮುರುವಾದ ಪ್ಲಸ್-ಮೈನಸ್. ಕೆಳಗೆ ಸರಿಯಾಗಿದ್ದು 18-19ರ ಹತ್ತಿರ ಅಂಟಿಕೊಂಡರೆ ವೋಲ್ಟೇಜ್ ಸಾಲುತ್ತಿಲ್ಲ. ಎಥನಾಲ್ ಘಟಕದ ಲೂಪ್‌ಗಳಲ್ಲಿ ಇದು ಹೆಚ್ಚು, ಏಕೆಂದರೆ ಅಲ್ಲಿ ಸ್ಫೋಟದ ಅಪಾಯ ತಡೆಯಲು ಲೂಪಿನ ವಿದ್ಯುತ್ತನ್ನು ಮಿತಿಯಲ್ಲಿಡುವ ಜ಼ೀನರ್ ಬ್ಯಾರಿಯರ್ ಇರುತ್ತದೆ. 20 ಮಿಲಿ ಆಂಪಿಯರಿನಲ್ಲಿ 250 ಓಮ್‌ಗೆ 5 ವೋಲ್ಟ್, 300 ಓಮ್‌ನ ಬ್ಯಾರಿಯರಿಗೆ 6 ವೋಲ್ಟ್, 400 ಮೀಟರ್ ದೂರದ 1.5 ಚದರ ಮಿ.ಮೀ. ಕೇಬಲ್‌ಗೆ 0.2 ವೋಲ್ಟ್ ಹೋಗುತ್ತದೆ. ಸಪ್ಲೈಯ 24 ವೋಲ್ಟ್‌ನಲ್ಲಿ ಉಳಿಯುವುದು 12.8. ಸಪ್ಲೈ 22.5ಕ್ಕೆ ಕುಸಿದರೆ 11.3. ಕನಿಷ್ಠ 12 ವೋಲ್ಟ್ ಬೇಡುವ ಉಪಕರಣ ಅಲ್ಲಿಗೆ ಕೈಚೆಲ್ಲುತ್ತದೆ.

ರೀಡಿಂಗ್ ಕುಣಿಯುತ್ತಿದ್ದರೆ ಕೇಬಲ್ ಶೀಲ್ಡ್ ಎರಡೂ ತುದಿಗೆ ಅರ್ಥ್ ಆಗಿದೆಯೇ ನೋಡಿ, ಪ್ಯಾನೆಲ್ ಬದಿಯಲ್ಲಿ ಮಾತ್ರ ಇರಬೇಕು. ಮಳೆಗಾಲ ಕಳೆದ ಮೇಲೆ ಜಂಕ್ಷನ್ ಬಾಕ್ಸ್ ತೆರೆಯದೆ ಲೂಪ್ ಪರೀಕ್ಷೆ ಶುರು ಮಾಡಬೇಡಿ. ಗ್ಲ್ಯಾಂಡ್‌ನಿಂದ ಇಳಿದ ನೀರು ಟರ್ಮಿನಲ್‌ಗಳ ನಡುವೆ ಕರೆಂಟ್ ಸೋರಿಸಿ ರೀಡಿಂಗ್ ಹೆಚ್ಚಿಸುತ್ತದೆ. ಕೇಬಲ್ ಗ್ಲ್ಯಾಂಡ್‌ಗೆ ಕೆಳಗಿನಿಂದ ಬಾಗಿ ಬರುವಂತಿರಲಿ.

ಕ್ಯಾಲಿಬ್ರೇಷನ್

ಎಚ್ ಬದಿಯನ್ನು ಗಾಳಿಗೆ ಬಿಟ್ಟು ಎಲ್ ಬದಿಗೆ ಕೈಪಂಪಿನಿಂದ ಒತ್ತಡ ಕೊಡಿ. 582 ಮಿ.ಮೀ.ಗೆ 4, 467ಕ್ಕೆ 8, 352ಕ್ಕೆ 12, 237ಕ್ಕೆ 16, 122ಕ್ಕೆ 20 ಮಿಲಿ ಆಂಪಿಯರ್ ಬರಬೇಕು. ಹೋಗುತ್ತ ಐದು, ಬರುತ್ತ ಐದು. ಮುಟ್ಟುವ ಮುಂಚಿನ ಬೆಲೆಗಳನ್ನು ಮೊದಲು ಬರೆದುಕೊಳ್ಳಿ, ತಿದ್ದುವುದು ಆಮೇಲೆ. ಶೇ 0.5 ಸಹನೆ ಎಂದರೆ 0.08 ಮಿಲಿ ಆಂಪಿಯರ್, ಅದರೊಳಗಿದ್ದರೆ ಮುಟ್ಟಲೇಬೇಡಿ. ಕಮ್ಯೂನಿಕೇಟರಿನಲ್ಲಿ ಒತ್ತಡ ಸರಿಯಿದ್ದು ಕರೆಂಟ್ ತಪ್ಪಿದ್ದರೆ ಔಟ್‌ಪುಟ್ ಟ್ರಿಮ್, ಒತ್ತಡವೇ ತಪ್ಪಿದ್ದರೆ ಸೆನ್ಸರ್ ಟ್ರಿಮ್. ಒಂದರ ತಪ್ಪನ್ನು ಇನ್ನೊಂದರಲ್ಲಿ ಮುಚ್ಚಿದರೆ ಮುಂದಿನ ಹಂಗಾಮಿನವರಿಗೆ ಗಂಟು ಬಿಡಿಸಲಾಗುವುದಿಲ್ಲ.

ಉಳಿದವು, ಚುಟುಕಾಗಿ

ಆರಿಫೈಸ್ ಪ್ಲೇಟಿನ (ಪೈಪಿನಲ್ಲಿ ಕೂರಿಸಿದ ತೂತಿನ ತಟ್ಟೆ) ಸ್ಟೀಮ್ ಫ್ಲೋದಲ್ಲಿ ವ್ಯತ್ಯಾಸ ಶೇ 25 ಇದ್ದರೆ ಹರಿವು ಶೇ 50. ವರ್ಗಮೂಲವನ್ನು ಟ್ರಾನ್ಸ್‌ಮಿಟರಿನಲ್ಲಿ ಅಥವಾ ಡಿಸಿಎಸ್‌ನಲ್ಲಿ, ಒಂದೇ ಕಡೆ ತೆಗೆಯಿರಿ. ಎರಡೂ ಕಡೆ ತೆಗೆದರೆ ಶೇ 50ರ ಹರಿವು ಶೇ 71 ಎಂದು ಕಾಣುತ್ತದೆ.

ಉಷ್ಣತೆ ಅಳೆಯುವ ಪಿಟಿ 100 ಸೆನ್ಸರ್ 0 ಡಿಗ್ರಿಗೆ 100 ಓಮ್, 100 ಡಿಗ್ರಿಗೆ 138.5 ಓಮ್. ಎರಡೇ ತಂತಿಯಲ್ಲಿ ಜೋಡಿಸಿದರೆ ತಂತಿಯ ಪ್ರತಿ ಓಮ್‌ಗೆ ಸುಮಾರು 2.6 ಡಿಗ್ರಿ ಹೆಚ್ಚು ತೋರಿಸುತ್ತದೆ, ಮೂರು ತಂತಿ ಹಾಕಿ.

ಕಬ್ಬಿನ ಹಾಲಿಗೆ ಇಂಪಲ್ಸ್ ಲೈನ್ ಹಾಕುವ ಯೋಚನೆಯನ್ನೇ ಬಿಡಿ. ರಸ ಒಳಗೆ ನಿಂತು ಹುಳಿತು ಗಟ್ಟಿಯಾಗುತ್ತದೆ. ಹರಿವಿಗೆ ಮ್ಯಾಗ್ನೆಟಿಕ್ ಫ್ಲೋ ಮೀಟರ್, ಟ್ಯಾಂಕ್ ಲೆವೆಲ್‌ಗೆ ಫ್ಲೇಂಜ್ ಡಯಾಫ್ರಮ್ ಇರುವ ಟ್ರಾನ್ಸ್‌ಮಿಟರ್ ಹಾಕಿ, ಅದರ ಮುಖವನ್ನು ಶಟ್‌ಡೌನ್ ಸಿಕ್ಕಾಗಲೆಲ್ಲ ಬಿಸಿನೀರಿನಿಂದ ತೊಳೆಯಿರಿ. ತಂತಿ ಬ್ರಷ್ ತಾಗಿಸಬೇಡಿ, ಡಯಾಫ್ರಮ್ ಮೇಲೆ ಒಂದು ತಗ್ಗು ಬಿದ್ದರೂ ಸೊನ್ನೆ ಸರಿದುಹೋಗುತ್ತದೆ.