ಎರಡೆರಡು ಸಲ ಕರ್ಟನ್ ತಗೊಂಡ ಕಥೆ

ಹೋದ ವರ್ಷ ಹೊಸ ಫ್ಲ್ಯಾಟಿಗೆ ಬಂದಾಗ ಗೃಹಪ್ರವೇಶದ ಗಡಿಬಿಡಿಲಿ ಅಳತೆ ಗಿಳತೆ ಏನೂ ನೋಡ್ದೆ ಕರ್ಟನ್ ಆರ್ಡರ್ ಮಾಡ್ಬಿಟ್ಟೆ. ಬಾಲ್ಕನಿ ಬಾಗ್ಲು 7 ಅಡಿ, ಪ್ಯಾಕೆಟ್ ಮೇಲೂ 'ಡೋರ್ 7 ಅಡಿ' ಅಂತಿತ್ತು, ಸರಿಹೋಯ್ತಲ್ಲ ಅಂದ್ಕೊಂಡೆ. ರಾಡ್ ಬಾಗ್ಲಿಗಿಂತ 5 ಇಂಚು ಮೇಲೆ ಕೂರುತ್ತೆ ಅನ್ನೋದು ತಲೇಗೇ ಹೋಗ್ಲಿಲ್ಲ. ನೇತುಹಾಕಿದ್ಮೇಲೆ ನೋಡಿದ್ರೆ ನೆಲದಿಂದ ಐದಾರು ಇಂಚು ಮೇಲೆ! ಅಮ್ಮ ನೋಡಿ "ಏನೇ ಇದು, ಗದ್ದೆಗಿಳಿಯೋನು ಪಂಚೆ ಎತ್ತಿ ಕಟ್ಟಿದಂಗಿದೆ" ಅಂದ್ಲು.

ಹಾಲ್ ಕಿಟಕಿದು ಇನ್ನೊಂದು ಗೋಳು. ಕಿಟಕಿ 72 ಇಂಚು ಅಗಲ, ಒಂದು ಕರ್ಟನ್ 48 ಇಂಚು, ಎರಡು ಹಾಕಿದ್ರೆ 96 ಆಯ್ತು, ಸಾಕೋ ಸಾಕು ಅಂತ ನನ್ನ ಲೆಕ್ಕ. ಆದ್ರೆ ರಾಡ್ ಎರಡೂ ಕಡೆ ಆರಾರು ಇಂಚು ಆಚೆ ಹೋಗಿ 84 ಇಂಚಿತ್ತು, ಪೂರ್ತಿ ಎಳೆದ್ರೆ ನೆರಿಗೆನೇ ಇಲ್ಲ, ತಂತಿ ಮೇಲೆ ಬೆಡ್‌ಶೀಟ್ ಒಣಗಿ ಹಾಕಿದಂಗೆ ಕಾಣ್ತಿತ್ತು. ನೆರಿಗೆ ಚೆನ್ನಾಗಿ ಬೀಳ್ಬೇಕು ಅಂದ್ರೆ ರಾಡಿನ ಅಗಲದ ಡಬಲ್ ಬಟ್ಟೆ ಬೇಕು, ಅಂದ್ರೆ 168 ಇಂಚು. ಮೂರು ತಗೊಂಡ್ರೆ 144, ನೋಡೋಕೆ ಅಡ್ಡಿಯಿಲ್ಲ, ಆದ್ರೆ ನಡುವೆ ಬಿಡಿಸಿದ್ರೆ ಒಂದು ಕಡೆ ಎರಡು ಒಂದು ಕಡೆ ಒಂದು ಆಗುತ್ತೆ. ಕೊನೆಗೆ ಇನ್ನೆರಡು ತಂದು ನಾಲ್ಕು ಮಾಡ್ದೆ.

ಬೆಡ್‌ರೂಮಿಗೆ ಮಾತ್ರ ಬುದ್ಧಿ ಬಂದಿತ್ತು, ಚಿಕ್ಕಪೇಟೆಗೆ ಹೋಗಿ ಮೀಟರ್ ಲೆಕ್ಕದಲ್ಲಿ ಕಾಟನ್ ತಂದೆ. ಅಲ್ಲಿ ರಾಡ್ 60 ಇಂಚು, ಡಬಲ್ ಅಂದ್ರೆ 120, ಬಟ್ಟೆ ಪನ್ನ, ಅಂದ್ರೆ ಅಗಲ, 48 ಇಂಚು, ಹಾಗಾಗಿ ಎರಡೂವರೆ ಪನ್ನ, ಮೂರು ಅಂತಿಟ್ಕೊಂಡೆ, ಮೂರನೇದನ್ನ ಉದ್ದಕ್ಕೆ ಸೀಳಿ ಎರಡೂ ಕಡೆಗೆ ಜೋಡಿಸೋದು. ಉದ್ದ 60, ಮೇಲೆ ಮಡಿಕೆಗೆ 6, ಕೆಳಗೆ 4, ಕುಗ್ಗಿದ್ರೆ ಇರ್ಲಿ ಅಂತ 3, ಒಟ್ಟು 73 ಇಂಚು. ಮೂರಕ್ಕೆ ಐದೂವರೆ ಮೀಟರ್ ಮೇಲೆ ಚೂರು ಬಂತು, 6 ಮೀಟರ್ ತಗೊಂಡೆ. ಪ್ಲೇನ್ ಬಟ್ಟೆ ಆಗಿದ್ದಕ್ಕೆ ಸಾಕಾಯ್ತು, ದೊಡ್ಡ ಡಿಸೈನ್ ಇದ್ರೆ ಹೂವಿಗೆ ಹೂವು ಕೂಡಿಸೋಕೆ ಇನ್ನೂ ಬೇಕಾಗುತ್ತೆ. ಕೊಯ್ಯೋಕೆ ಮುಂಚೆ ಒಂದ್ಸಲ ನೀರಲ್ಲಿ ನೆನೆಸಿ ಒಣಗಿಸಿದ್ದು ಒಳ್ಳೇದಾಯ್ತು, ಒಂದೊಂದು ಪನ್ನಕ್ಕೆ ಎರಡಿಂಚು ಕುಗ್ಗಿತ್ತು. ರಾಡ್ ತೂರಿಸೋಕೆ ಬಟ್ಟೇಲಿ ಕೂರಿಸೋ ರಿಂಗಿನ ಬಗ್ಗೆ ಟೈಲರ್ ಹೇಳಿದ್ದು ಇನ್ನೊಂದು: "ರಿಂಗು ಸರಿಸಂಖ್ಯೇಲಿ ಇರ್ಲಿ ಮೇಡಂ, ಆಗ ಎರಡೂ ತುದಿ ಗೋಡೆ ಕಡೆ ತಿರುಗುತ್ತೆ." ಎಂಟೆಂಟು ಹಾಕ್ಸಿದೆ.

ಬಾಲ್ಕನಿಗೆ ಆಮೇಲೆ 9 ಅಡಿದು ತಂದು ಕಟ್ ಮಾಡಿಸ್ದೆ. ಅಳೆಯುವಾಗ ಎಡಗಡೆ, ಮಧ್ಯ, ಬಲಗಡೆ ಮೂರೂ ಕಡೆ ಟೇಪ್ ಇಟ್ಟು ನೋಡಿ, ನಮ್ಮನೇಲಿ ಎಡಕ್ಕೂ ಬಲಕ್ಕೂ ಒಂದಿಂಚು ವ್ಯತ್ಯಾಸ, ಬಿಲ್ಡರ್ ಪುಣ್ಯ. ಕಡಿಮೆ ಇರೋ ಕಡೆ ಅಳತೇನೇ ಇಟ್ಕೊಂಡೆ. ಉಳಿದ ತುಂಡಲ್ಲಿ 12 ಇಂಚಿನ ಕುಶನ್ ಕವರ್ ನಾಲ್ಕು ಬಂತು.

ಬೆಡ್‌ಶೀಟಲ್ಲೂ ಇದೇ ಮೋಸ. 'ಡಬಲ್ ಬೆಡ್' ಅನ್ನೋ ಹೆಸರು ನಂಬಿ 90 × 100 ತಂದೆ. ನಮ್ದು 72 × 78 ಹಾಸಿಗೆ, 8 ಇಂಚು ದಪ್ಪ. ಎರಡು ಬದಿ ದಪ್ಪ ಸೇರಿ 88 ಆಯ್ತು, ಒಳಗೆ ಸಿಕ್ಕಿಸೋಕೆ ಒಂದೊಂದು ಇಂಚು ಉಳೀತು, ಮಗ ಒಂದ್ಸಲ ಕುಣಿದ್ರೆ ಸಾಕು ಎದ್ದು ಬರೋದು. 108 × 108 ತಂದ್ಮೇಲೆ ಬದಿಗೆ ಹತ್ತಿಂಚು ಒಳಗೆ ಹೋಗುತ್ತೆ, ಈಗ ಅಲ್ಲಾಡಲ್ಲ. ಒಂದು ಮಂಚಕ್ಕೆ ಮೂರು ಸೆಟ್ ಇಟ್ಕೊಂಡಿದೀನಿ, ಮಳೆಗಾಲದಲ್ಲಿ ಒಗೆದಿದ್ದು ಎರಡು ದಿನ ಆದ್ರೂ ಒಣಗಲ್ಲ, ಎರಡೇ ಇದ್ರೆ ಪರದಾಟ.

ಆ ಗಿಡ್ಡ ಕರ್ಟನ್‌ಗಳನ್ನ ಅಮ್ಮ ಊರಿಗೆ ತಗೊಂಡ್ಹೋಗಿ ಸ್ಟೋರ್ ರೂಮಿಗೆ ಹಾಕಿದಾಳೆ. ಹಳೇ ಮನೆ, ಬಾಗ್ಲೇ ಆರಡಿ. ಅಲ್ಲಿ ಅವು ನೆಲ ಒರಸ್ತಿವೆ.